ಬೀಗ ಬಿದ್ದ ಫೋನ್: ಇಳಕಲ್ಲಿನ ಒಂದು ಸೀರೆ ಅಂಗಡಿ ಮತ್ತು ಒಬ್ಬ ಆಪಲ್ ಅಭಿಮಾನಿ

ಹಿನ್ನೆಲೆ

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಎರಡು ತಲೆಮಾರಿನಿಂದ ಸೀರೆ ವ್ಯಾಪಾರ ಮಾಡುತ್ತಿರುವ ಮನೆತನವೊಂದರ ಪ್ರಕರಣ ಇದು. ಇಂಥ ಅಂಗಡಿಗಳು ಆ ಊರಲ್ಲಿ ಓಣಿಗೊಂದು ಸಿಗುತ್ತವೆ. ಗುರುತು ಹತ್ತಬಾರದೆಂದು ಹೆಸರು ಮತ್ತು ಕೆಲವು ಸಣ್ಣ ವಿವರ ಬದಲಿಸಿದ್ದೇನೆ. ಅಂಗಡಿಯ ಯಜಮಾನರನ್ನು ಕಾಕಾ ಎನ್ನುತ್ತೇನೆ, ಅವರ ಅಣ್ಣನ ಮಗ ಕರೆಯುವುದೂ ಹಾಗೆಯೇ. ಆ ಅಣ್ಣನ ಮಗ ಬಾಗಲಕೋಟೆಯ ನವನಗರದಲ್ಲಿದ್ದಾನೆ, ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುತ್ತಾನೆ. ಅವನ ಹೆಸರು ಸಂಗಮೇಶ ಎಂದಿರಲಿ. ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ, ಕಂಪ್ಯೂಟರ್ ಕೆಲಸ ನೋಡಿಕೊಡುವ ನಾನು ಈ ಮನೆಗೆ ಹೋಗಿಬಂದು ಇರುವವನು. ಎಲ್ಲ ಮುಗಿದ ಮೇಲೆ ಇಬ್ಬರೊಂದಿಗೂ ಕೂತು ಮಾತಾಡಿ, ಅವರ ಒಪ್ಪಿಗೆಯಿಂದ ಬರೆಯುತ್ತಿದ್ದೇನೆ.

ಬಳಗದಲ್ಲಿ ಯಾರೇ ಫೋನ್ ಕೊಳ್ಳಲಿ, ಮೊದಲು ಸಂಗಮೇಶನನ್ನು ಕೇಳುವುದು ರೂಢಿ. ಅವನು ಆಪಲ್ ಕಂಪನಿಯ ಅಭಿಮಾನಿ. ಹೊಸ ಐಫೋನ್ ಬಿಡುಗಡೆಯ ರಾತ್ರಿ ನಿದ್ದೆಗೆಟ್ಟು ಕೊನೆಯವರೆಗೂ ನೋಡುತ್ತಾನೆ. ಆದರೆ ಅವನದು ಬರೀ ಮೋಹವೆಂದು ತಳ್ಳಿಹಾಕುವಂತಿಲ್ಲ, ಪ್ರತಿ ಮಾತಿಗೂ ಆಧಾರ ಇಟ್ಟುಕೊಂಡೇ ಮಾತಾಡುವ ಹುಡುಗ. 2015ರಲ್ಲಿ ಬಂದ ಐಫೋನ್ 6ಎಸ್‌ಗೆ 2021ರ ಐಓಎಸ್ 15 (ಐಓಎಸ್ ಎಂದರೆ ಐಫೋನನ್ನು ನಡೆಸುವ ಸಾಫ್ಟ್‌ವೇರ್) ಕೂಡ ಸಿಕ್ಕಿತು. ಅದೇ ಕಾಲದ ಆಂಡ್ರಾಯ್ಡ್ ಫೋನ್‌ಗಳಲ್ಲಿ ಬಹಳಷ್ಟಕ್ಕೆ ಎರಡು ವರ್ಷದ ಮೇಲೆ ಹೊಸ ಆವೃತ್ತಿ ಬರುವುದೇ ನಿಂತಿತ್ತು. ಚಿಪ್ಪೂ ತನ್ನದು, ಸಾಫ್ಟ್‌ವೇರೂ ತನ್ನದು ಆಗಿದ್ದರಿಂದ ಎರಡೂ ಹೊಂದಿಕೊಂಡು ಓಡುತ್ತವೆ ಎನ್ನುವುದಕ್ಕೆ ಅವನು 2020ರ ನವೆಂಬರಿನ, ಆಪಲ್‌ನ ಸ್ವಂತ ಎಂ1 ಚಿಪ್ಪಿನ ಲ್ಯಾಪ್‌ಟಾಪ್ ಮ್ಯಾಕ್‌ಬುಕ್ ಏರ್ ತೋರಿಸುತ್ತಿದ್ದ. ಅದರೊಳಗೆ ಫ್ಯಾನೇ ಇಲ್ಲ, ಆದರೂ ವಿಡಿಯೊ ಎಡಿಟಿಂಗ್ ಸಲೀಸು. ಆ್ಯಪ್‌ಗಳು ನಮ್ಮ ಜಾಡು ಹಿಡಿಯುವ ಮೊದಲು ಅನುಮತಿ ಕೇಳಲೇಬೇಕೆಂದು 2021ರ ಐಓಎಸ್ 14.5ರಲ್ಲಿ ಮಾಡಿದ ಏರ್ಪಾಡನ್ನೂ ಹೇಳುತ್ತಿದ್ದ. ಎಲ್ಲಕ್ಕಿಂತ ಹೆಚ್ಚಾಗಿ ಹೊಗಳುತ್ತಿದ್ದುದು ಆಕ್ಟಿವೇಷನ್ ಲಾಕ್ ಅನ್ನು. 2013ರ ಐಓಎಸ್ 7ರಿಂದ ಇರುವ ಈ ಬೀಗದಿಂದಾಗಿ ಕದ್ದ ಐಫೋನ್ ಕಳ್ಳನಿಗೆ ಉಪಯೋಗಕ್ಕೆ ಬರುವುದಿಲ್ಲ. ಫೋನನ್ನು ಪೂರ್ತಿ ಅಳಿಸಿದರೂ ಮೊದಲಿನ ಆಪಲ್ ಐಡಿ (ಆಪಲ್ ಖಾತೆಯ ಹೆಸರು) ಮತ್ತು ಪಾಸ್‌ವರ್ಡ್ ಕೊಡದೆ ಅದು ಮುಂದೆ ಹೋಗುವುದಿಲ್ಲ.

ಕಂಪನಿಯ ತಪ್ಪುಗಳೂ ಅವನಿಗೆ ಗೊತ್ತಿದ್ದವು. ಬ್ಯಾಟರಿ ಹಳತಾದ ಐಫೋನ್‌ಗಳನ್ನು ಸಾಫ್ಟ್‌ವೇರ್ ಮೂಲಕ ನಿಧಾನ ಮಾಡುತ್ತಿದ್ದೇವೆಂದು ಆಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು, ಅಮೆರಿಕದಲ್ಲಿ ಬ್ಯಾಟರಿ ಬದಲಿಸುವ ದರವನ್ನು 79 ಡಾಲರಿನಿಂದ 29ಕ್ಕೆ ಇಳಿಸಿತು. ಸಂಗಮೇಶ ಇದನ್ನು ಮುಚ್ಚಿಡುತ್ತಿರಲಿಲ್ಲ. ಸೊರಗಿದ ಬ್ಯಾಟರಿ ಒಮ್ಮೆಲೇ ಹೆಚ್ಚು ವಿದ್ಯುತ್ ಕೊಡಲಾರದೆ ಫೋನ್ ದಿಢೀರನೆ ಬಂದ್ ಆಗುವುದನ್ನು ತಪ್ಪಿಸಲು ಹಾಗೆ ಮಾಡಿದರು ಎಂದು ವಿವರಿಸುತ್ತಿದ್ದ. ತಾಂತ್ರಿಕವಾಗಿ ಆ ವಿವರಣೆ ಸರಿ. ಆದರೆ ಬಳಸುವವನಿಗೆ ಹೇಳದೆ ಮಾಡಿದ್ದರಿಂದ, ಬ್ಯಾಟರಿ ಬದಲಿಸಿದ್ದರೆ ಸಾಕಾಗುತ್ತಿದ್ದ ಎಷ್ಟೋ ಜನ ಹೊಸ ಫೋನೇ ಕೊಂಡರು. ಈ ಎರಡನೆಯ ಸಂಗತಿಗೆ ಅವನು ಕೊಡುತ್ತಿದ್ದ ತೂಕ ಕಡಿಮೆ. ನನ್ನ ಮಟ್ಟಿಗೆ ಈ ಪ್ರಕರಣದ ಬೇರು ಇಲ್ಲಿದೆ. ಅವನಿಗೆ ತಿಳಿಯದ್ದು ಏನೂ ಇರಲಿಲ್ಲ. ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡುತ್ತಿದ್ದ ಕಣ್ಣು, ಅದು ಕೈಕೊಟ್ಟ ದಿನ ಅದನ್ನು ಹಿಡಿದವನ ಗತಿ ಏನು ಎಂಬುದರ ಕಡೆ ಹೊರಳುತ್ತಿರಲಿಲ್ಲ.

ಸಮಸ್ಯೆ

ಲಾಕ್‌ಡೌನ್ ನಂತರ ಕಾಕಾ ಅವರ ವ್ಯಾಪಾರ ದೊಡ್ಡ ಮಟ್ಟಿಗೆ ವಾಟ್ಸ್‌ಆ್ಯಪ್‌ಗೆ ಬಂದಿತ್ತು. ಸೊಲ್ಲಾಪುರ, ಪುಣೆ ಕಡೆಯ ಗಿರಾಕಿಗಳು ಫೋಟೊ ನೋಡಿ ಆರ್ಡರ್ ಕೊಡುತ್ತಿದ್ದರು. ತಕರಾರು ಬರುತ್ತಿದ್ದುದು ಬಣ್ಣದ್ದು. ಇಳಕಲ್ ಸೀರೆಯ ಜೀವ ಇರುವುದು ಟೋಪ್ ತೆನಿ ಸೆರಗಿನಲ್ಲಿ: ಒಡಲಿನ ಹಾಸು ನೂಲಿಗೆ (ಮಗ್ಗದ ಉದ್ದ ಎಳೆಗಳಿಗೆ) ಸೆರಗಿನ ರೇಷ್ಮೆ ಹಾಸನ್ನು ಕೊಂಡಿ ಹಾಕಿ ಸೇರಿಸಿ, ಕೆಂಪಿನ ಮೇಲೆ ಬಿಳಿಯ ತೆನೆ ಎಬ್ಬಿಸಿದ್ದು. ಅಂಗಡಿಯಲ್ಲಿದ್ದ ಅಗ್ಗದ ಫೋನುಗಳು ಆ ಕೆಂಪನ್ನು ಹೊಳಪೇರಿಸಿ ಹೊಳಪೇರಿಸಿ ಒಂದೇ ಮುದ್ದೆ ಮಾಡುತ್ತಿದ್ದವು. ತೆನೆಯ ಅಂಚು ಕಾಣುತ್ತಿರಲಿಲ್ಲ, ದಾಳಿಂಬೆ ಕೆಂಪು ಕುಂಕುಮದ ಕೆಂಪಾಗುತ್ತಿತ್ತು. ಸೀರೆ ಕೈಸೇರಿದ ಮೇಲೆ "ಫೋಟೋದಾಗ ಇದ್ದ ಬಣ್ಣ ಇದಲ್ಲ" ಎಂದು ವಾಪಸ್ ಬರುತ್ತಿದ್ದವು. ಇದರ ಜೊತೆಗೆ ಆ ಫೋನುಗಳು ಎರಡು ವರ್ಷಕ್ಕೆ ಹ್ಯಾಂಗ್ ಆಗಲು ಶುರುವಾಗುತ್ತಿದ್ದವು.

2022ರ ದಸರೆಗೆ ಮುಂಚೆ ಕಾಕಾ ಸಂಗಮೇಶನನ್ನು ಕೇಳಿದರು.

"ಕಾಕಾ, ಐಫೋನ್ ಒಮ್ಮೆ ತಗೊಂಡ್ರ ಐದಾರು ವರ್ಷ ಚಿಂತಿಲ್ರಿ. ಬಣ್ಣಾನೂ ಇದ್ದಂಗ ಬರ್ತೈತಿ. ಈಗ ನಮ್ಮ ಕೋಲಾರದಾಗೂ ತಯಾರ್ ಮಾಡ್ತಾರ."

"ನೀ ಅಂದ್ರ ಆತಪಾ. ಅದರಾಗ ನನಗೇನ್ ತಿಳೀತೈತಿ."

ಮಾತುಕತೆ ಇಷ್ಟೇ. ಸಂಗಮೇಶ ಹೇಳಿದ್ದರಲ್ಲಿ ಸುಳ್ಳಿಲ್ಲ. ಕರ್ನಾಟಕದಲ್ಲಿ ಐಫೋನ್ ಜೋಡಣೆ 2017ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಆರಂಭವಾಗಿ, ಮುಂದೆ ಕೋಲಾರ ಜಿಲ್ಲೆಯ ನರಸಾಪುರಕ್ಕೂ ಬಂದಿತ್ತು. ಆದರೆ ನರಸಾಪುರದಲ್ಲಿ ಫೋನ್ ತಯಾರಾಗುವುದಕ್ಕೂ ಇಳಕಲ್ಲಿನಲ್ಲಿ ಅದು ಕೆಟ್ಟರೆ ರಿಪೇರಿ ಆಗುವುದಕ್ಕೂ ಸಂಬಂಧವಿಲ್ಲ. ಆ ಹೊತ್ತಿಗೆ ಭಾರತದಲ್ಲಿ ಆಪಲ್‌ನ ಸ್ವಂತ ಮಳಿಗೆಯೇ ಇರಲಿಲ್ಲ. ಮುಂಬೈ ಮತ್ತು ದೆಹಲಿಯಲ್ಲಿ ಮೊದಲ ಎರಡು ತೆರೆದದ್ದು 2023ರ ಏಪ್ರಿಲ್‌ನಲ್ಲಿ, ಬೆಂಗಳೂರಿಗೆ ಬಂದದ್ದು 2025ರ ಸೆಪ್ಟೆಂಬರಿನಲ್ಲಿ. ಇಳಕಲ್ಲಿನವರು ಅಧಿಕೃತ ಸರ್ವಿಸ್ ಬೇಕೆಂದರೆ ಹುಬ್ಬಳ್ಳಿಯ ದಾರಿ ಹಿಡಿಯಬೇಕು, ಒಂದು ದಿನದ ವ್ಯಾಪಾರ ಬಿಡಬೇಕು. ಕಾಕಾ ಇದನ್ನು ಕೇಳಲಿಲ್ಲ, ಸಂಗಮೇಶ ಹೇಳಲಿಲ್ಲ.

ಏನು ಮಾಡಿದರು

ಫೋಟೊ ತೆಗೆಯಲು ಒಂದು ಹೊಸ ಐಫೋನ್ 13, ಬಿಲ್ ಸಮೇತ. ಆರ್ಡರ್ ಹಿಡಿಯಲು ಎರಡು ಸೆಕೆಂಡ್ ಹ್ಯಾಂಡ್ ಐಫೋನ್ 11. ಲೆಕ್ಕಕ್ಕೆ ಒಂದು ಎಂ1 ಮ್ಯಾಕ್‌ಬುಕ್ ಏರ್.

ಮ್ಯಾಕ್‌ಬುಕ್ಕಿನ ಕಥೆ ಬೇಗ ಮುಗಿಯಿತು. ಅಂಗಡಿಯ ಲೆಕ್ಕ ಇದ್ದದ್ದು ಟ್ಯಾಲಿಯಲ್ಲಿ, ಅದು ವಿಂಡೋಸ್‌ಗೆಂದೇ ಇರುವ ಸಾಫ್ಟ್‌ವೇರ್. ಸೀರೆಯ ಚೀಟಿಗಳನ್ನು ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಟ್ಟಿದ್ದರು, ಅದೂ ವಿಂಡೋಸ್ ಕಂಪ್ಯೂಟರಿನಲ್ಲೇ. ಜಿಎಸ್‌ಟಿ ನೋಡುವವರು ಪೆನ್‌ಡ್ರೈವ್ ಹಿಡಿದು ಬಂದು ಒಂದು ಸಲ ನೋಡಿದರು, "ಹಳೇ ಕಂಪ್ಯೂಟರ್ ಎಲ್ಲೈತ್ರಿ?" ಎಂದು ಕೇಳಿದರು. ಅದು ಮತ್ತೆ ಮೇಜಿಗೆ ಬಂತು. ಮ್ಯಾಕ್‌ಬುಕ್ಕನ್ನು ಸಂಗಮೇಶ ಕೊಂಡ ಬೆಲೆಗೇ ತಾನು ತೆಗೆದುಕೊಂಡ. ಯಾರೂ ಕೇಳುವ ಮೊದಲೇ ಅವನು ಹಾಗೆ ಮಾಡಿದ್ದು ಮನೆಯಲ್ಲಿ ಮಾತು ಕೆಡದಂತೆ ಉಳಿಸಿತು.

ಫೋಟೊದ ಕೆಲಸ ಚೆನ್ನಾಗಿ ಕೈಹಿಡಿಯಿತು. ಇಲ್ಲಿ ಸಂಗಮೇಶನ ಜಾಣ್ಮೆ ಪೂರ್ತಿ ಕಾಣುತ್ತದೆ. ಟ್ಯೂಬ್‌ಲೈಟ್ ಕೆಳಗೆ ತೆಗೆಯುವುದನ್ನು ಬಿಡಿಸಿದ. ಮುಂಜಾನೆ ಅಂಗಡಿಯ ಬಾಗಿಲಿಗೆ ನೇರ ಬಿಸಿಲು ಬೀಳದ ಹೊತ್ತಿನಲ್ಲಿ, ಹೊಸ್ತಿಲಿನ ಒಳಗೆ ಸೀರೆ ಹಾಸಿ, ಸೆರಗಿನ ಕೆಂಪಿನ ಮೇಲೆ ಬೆರಳನ್ನು ಒತ್ತಿ ಹಿಡಿದು ಬೆಳಕನ್ನು ಲಾಕ್ ಮಾಡಿ, ಆಮೇಲೆ ಸ್ವಲ್ಪ ಕೆಳಗೆಳೆದು ಕಡಿಮೆ ಮಾಡಲು ಕಲಿಸಿದ. ಹಾಗೆ ಮಾಡಿದಾಗ ತೆನೆಯ ಒಂದೊಂದು ಹಲ್ಲೂ ಬಿಡಿಬಿಡಿಯಾಗಿ ಬರುತ್ತದೆ, ಗೋಮಿ ಎಂಬ ವಿನ್ಯಾಸದ ದಡಿಯ ಗೆರೆಗಳು ಕಲಸುವುದಿಲ್ಲ. ಟ್ರೂ ಟೋನ್ ಮತ್ತು ನೈಟ್ ಶಿಫ್ಟ್ ಎರಡನ್ನೂ ಬಂದ್ ಮಾಡಿಸಿದ. ಸುತ್ತಲಿನ ಬೆಳಕು ನೋಡಿ, ಹೊತ್ತು ನೋಡಿ ಪರದೆಯ ಬಣ್ಣವನ್ನೇ ಬೆಚ್ಚಗೆ ಮಾಡುವ ಸೌಲಭ್ಯಗಳು ಅವು. ಕಣ್ಣಿಗೆ ಹಿತ, ಆದರೆ ಸೀರೆ ಪಕ್ಕದಲ್ಲಿ ಹಿಡಿದು ಬಣ್ಣ ತಾಳೆ ನೋಡುವವನಿಗೆ ಮೋಸ. ಕ್ಯಾಟಲಾಗ್ ಅಚ್ಚು ಹಾಕುವ ಪ್ರೆಸ್ಸಿನ ಹಳೆಯ ಕಂಪ್ಯೂಟರಿನಲ್ಲಿ ಫೋಟೊ ತೆರೆಯದಿದ್ದಾಗ, 2017ರಿಂದ ಐಫೋನ್ ಹೈಕ್ ಎಂಬ ರೂಪದಲ್ಲಿ ಚಿತ್ರ ಉಳಿಸುತ್ತದೆ ಎಂದು ತಿಳಿದಿದ್ದ ಅವನು ಸೆಟ್ಟಿಂಗ್ಸ್‌ನಲ್ಲಿ ಅದನ್ನು ಜೆಪೆಗ್‌ಗೆ ಬದಲಿಸಿ ನಿಮಿಷದಲ್ಲಿ ಬಗೆಹರಿಸಿದ. ಬಣ್ಣದ ತಕರಾರು ಇಳಿಯಿತು.

ಪೂರ್ತಿ ನಿಂತಿರಲಿಲ್ಲ ಮಾತ್ರ. ಒಂದು ಐಫೋನ್ 11ರಿಂದ ಹೋದ ಚಿತ್ರಗಳಲ್ಲಿ ಕೆಂಪು ಆಗಾಗ ಹೆಚ್ಚಾಗುತ್ತಿತ್ತು. ಹುಡುಕಿದಾಗ ತಿಳಿದದ್ದು: ಆ ಫೋನಿನ ಪರದೆಯನ್ನು ಹಿಂದಿನ ಯಾರೋ ಮಾಲೀಕರು ಬದಲಿಸಿದ್ದರು, ಅದು ನೀಲಿಗೆ ವಾಲುತ್ತಿತ್ತು. ಆರ್ಡರ್ ಹಿಡಿಯುವ ಹುಡುಗ ಅದರಲ್ಲಿ ನೋಡಿ "ಕೆಂಪು ಕಮ್ಮಿ ಬಂದೈತಿ" ಎಂದು ತಾನೇ ಏರಿಸಿ ಕಳಿಸುತ್ತಿದ್ದ. ಪರದೆ ಅಸಲಿಯಲ್ಲ ಎಂಬ ಸೂಚನೆ ಸೆಟ್ಟಿಂಗ್ಸ್‌ನಲ್ಲೇ ಇತ್ತು. ಬಿಡಿಭಾಗದ ಇತಿಹಾಸ ತೋರಿಸುವ ಆ ಪುಟ 2021ರ ಡಿಸೆಂಬರಿನ ಐಓಎಸ್ 15.2ರಿಂದ ಇದೆ, ನೋಡಲು ಅರ್ಧ ನಿಮಿಷ ಸಾಕು. ಕೊಳ್ಳುವಾಗ ಅಂಗಡಿಯವರು ಪರಿಚಯದವರೆಂದು ಯಾರೂ ನೋಡಿರಲಿಲ್ಲ. ಅದೇ ಪರಿಚಯದ ಮೇಲೆ, ಬಿಲ್ ಬದಲು ಒಂದು ಕೈಬರಹದ ಚೀಟಿ ಇಸಿದುಕೊಂಡಿದ್ದರು.

ಇನ್ನೊಂದು ನಿರ್ಧಾರ ಆ ದಿನ ಯಾರ ಗಮನಕ್ಕೂ ಬರದೆ ಆಗಿಹೋಯಿತು. ಐಫೋನಿನಲ್ಲಿ ವಾಟ್ಸ್‌ಆ್ಯಪ್ ಇಳಿಸಿಕೊಳ್ಳಬೇಕೆಂದರೂ ಆಪಲ್ ಐಡಿ ಬೇಕು. ದಸರೆಯ ಗಡಿಬಿಡಿ, ಗಿರಾಕಿಗಳು ಕಾದಿದ್ದರು. ಆರ್ಡರ್ ಹಿಡಿಯುವ ಹುಡುಗ ತನ್ನದೇ ಇಮೇಲ್, ತನ್ನದೇ ನಂಬರ್ ಹಾಕಿ ಐಡಿ ತೆರೆದ. ಸಿಮ್ ಅಂಗಡಿಯದು, ಫೋನ್ ಅಂಗಡಿಯದು, ಖಾತೆ ಹುಡುಗನದು.

ಏನಾಯಿತು

2024ರ ಆರಂಭದಲ್ಲಿ ಆ ಹುಡುಗನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಜಗಳವಿಲ್ಲದೆ, ಕಾಕಾನ ಕಾಲಿಗೆ ನಮಸ್ಕಾರ ಮಾಡಿ ಹೋದ. ಅವನು ಹಿಡಿಯುತ್ತಿದ್ದ ಐಫೋನ್ 11 ಡ್ರಾಯರಿನಲ್ಲಿ ಬಿತ್ತು, ಚಾರ್ಜ್ ಖಾಲಿಯಾಯಿತು. ಮದುವೆ ಸೀಸನ್ ಹತ್ತಿರ ಬಂದಾಗ ತೆಗೆದು ಚಾರ್ಜಿಗೆ ಹಾಕಿದರೆ ಪಾಸ್‌ಕೋಡ್ ಕೇಳಿತು. ಕರೆ ಮಾಡಿ ಕೇಳಿದಾಗ ಹುಡುಗ ಹೇಳಿದ ಅಂಕಿ ಹೊಂದಲಿಲ್ಲ. ಮನೆಯವರು ಒಬ್ಬರಾದ ಮೇಲೊಬ್ಬರು ಅಂದಾಜಿನ ಅಂಕಿ ಒತ್ತಿದರು, ಫೋನ್ ತಾನಾಗಿ ಲಾಕ್ ಆಯಿತು. ಊರಿನ ಒಂದು ಮೊಬೈಲ್ ಅಂಗಡಿಗೆ ಒಯ್ದರು. ಅಲ್ಲಿಯವರು ಕಂಪ್ಯೂಟರಿಗೆ ಜೋಡಿಸಿ ಪೂರ್ತಿ ಅಳಿಸಿಕೊಟ್ಟರು. ಪರದೆ ಮೇಲೆ ಸ್ವಾಗತದ ಅಕ್ಷರ ಬಂದಾಗ ಸರಿಹೋಯಿತೆಂದೇ ಎಲ್ಲರೂ ತಿಳಿದರು. ವೈಫೈ ಹಾಕುತ್ತಲೇ ಮುಂದಿನ ಪುಟ ಬಂತು: ಈ ಐಫೋನ್ ಅದರ ಮಾಲೀಕರಿಗೆ ಲಾಕ್ ಆಗಿದೆ. ಕೆಳಗೆ ಒಂದು ಇಮೇಲಿನ ಮೊದಲ ಅಕ್ಷರ, ಆಮೇಲೆ ಸಾಲಾಗಿ ಚುಕ್ಕಿಗಳು.

ಅಳಿಸುವ ಮೊದಲು ಯಾರೂ ಸಂಗಮೇಶನಿಗೆ ಫೋನ್ ಮಾಡಿರಲಿಲ್ಲ. ಕೊಳ್ಳುವ ದಿನ ಮಾತ್ರ ತಿಳಿದವರನ್ನು ಕೇಳುವುದು, ಕೆಟ್ಟ ದಿನ ಹತ್ತಿರದ ಅಂಗಡಿಗೆ ಓಡುವುದು. ಇದನ್ನು ನಾನು ಇನ್ನೂ ಹಲವು ಮನೆಗಳಲ್ಲಿ ಕಂಡಿದ್ದೇನೆ. ಅಳಿಸದೆ ಹುಡುಗನನ್ನು ವಿಡಿಯೊ ಕರೆಯಲ್ಲಿ ಕೂಡಿಸಿಕೊಂಡು ಪ್ರಯತ್ನಿಸಿದ್ದರೆ ಪಾಸ್‌ಕೋಡ್ ಸಿಗುವ ಸಾಧ್ಯತೆ ಇತ್ತು.

ಫೋನಿಗಿಂತ ದೊಡ್ಡ ನಷ್ಟ ಆಮೇಲೆ ತಿಳಿಯಿತು. ಆ ನಂಬರಿನ ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಸೀರೆಗಳ ಆರ್ಡರ್, ಅಡ್ವಾನ್ಸ್ ಕೊಟ್ಟವರ ಮಾತುಕತೆ, ಯಾವ ದಡಿ ಯಾವ ಒಡಲು ಎಂಬ ವಿವರ ಎಲ್ಲ ಇತ್ತು. ಸಿಮ್ ಕೈಯಲ್ಲೇ ಇದ್ದುದರಿಂದ ಬೇರೆ ಆಂಡ್ರಾಯ್ಡ್ ಫೋನಿಗೆ ಹಾಕಿ ನಂಬರ್ ಚಾಲು ಮಾಡಿದರು. ಹಳೆಯ ಮಾತು ಒಂದೂ ಬರಲಿಲ್ಲ. ಐಫೋನಿನ ವಾಟ್ಸ್‌ಆ್ಯಪ್ ಬ್ಯಾಕಪ್ ಹೋಗುವುದು ಆಪಲ್‌ನ ಆನ್‌ಲೈನ್ ಸಂಗ್ರಹವಾದ ಐಕ್ಲೌಡ್‌ಗೆ, ಆಂಡ್ರಾಯ್ಡ್‌ನದು ಗೂಗಲ್ ಡ್ರೈವ್‌ಗೆ. ಒಂದರ ಬ್ಯಾಕಪ್ ಇನ್ನೊಂದರಲ್ಲಿ ತೆರೆಯುವುದಿಲ್ಲ. ಮೇಲಾಗಿ ಇಲ್ಲಿ ಐಕ್ಲೌಡ್ ಹುಡುಗನ ಹೆಸರಿನಲ್ಲಿತ್ತು.

ಆಗ ಸಂಗಮೇಶ ಬಂದ. ಆಪಲ್‌ನವರನ್ನು ಸಂಪರ್ಕಿಸಿದರೆ, ಮೂಲ ಖರೀದಿಯ ದಾಖಲೆ ಇದ್ದರೆ ಬೀಗ ತೆಗೆಯಲು ಅರ್ಜಿ ಹಾಕಬಹುದು ಎಂಬ ನಿಯಮ ಇದೆ. ಕೈಬರಹದ ಚೀಟಿ ಅದಕ್ಕೆ ಸಾಲದು. ಸಾಲಬಾರದೂ ಹೌದು, ಅಂಥ ಚೀಟಿಗೆ ಬೀಗ ತೆಗೆಯುವಂತಿದ್ದರೆ ಕಳ್ಳನೂ ಒಂದು ಬರೆದು ತರುತ್ತಿದ್ದ.

ಈ ಪ್ರಕರಣದ ಮುಖ್ಯ ತಿರುವು ಆ ಸಂಜೆಯದು. ಮೊಬೈಲ್ ಅಂಗಡಿಯವರು "ಎರಡು ಸಾವಿರ ಕೊಡ್ರಿ, ಲಾಕ್ ಬೈಪಾಸ್ ಮಾಡಿಸಿ ಕೊಡ್ತೀವಿ" ಎಂದರು. ಕಾಕಾ ಒಪ್ಪುವ ಮನಸ್ಸಿನಲ್ಲಿದ್ದರು. ಸಂಗಮೇಶ ತಡೆದ. "ಬ್ಯಾಡ್ರಿ ಕಾಕಾ. ಹಂಗ ಬಿಡಿಸಿದ ಫೋನಿನಾಗ ಸಿಮ್ ನಡೀತೈತಿ ಅನ್ನೂ ಖಾತ್ರಿ ಇಲ್ಲ. ನಮಗ ಬೇಕಾಗಿದ್ದು ಆರ್ಡರ್, ಅದು ಫೋನಿನಾಗ ಇಲ್ಲ." ನನಗೆ ಮೆಚ್ಚುಗೆಯಾದದ್ದು ಇದು. ಅಲ್ಲಿಯವರೆಗೆ ಎಲ್ಲರೂ ಫೋನ್ ಉಳಿಸುವ ಚಿಂತೆಯಲ್ಲಿದ್ದರು. ಆರ್ಡರ್ ಉಳಿಸುವುದು ಬೇರೆಯದೇ ಕೆಲಸ, ಅದನ್ನು ಮೊದಲು ಮಾಡಬೇಕು ಎಂದು ಬಿಡಿಸಿ ಹೇಳಿದವನು ಅವನು.

ಆರ್ಡರಿನ ದಾಖಲೆ ಅಂಗಡಿಯ ಫೋನಿನಿಂದ ಹೋಗಿದ್ದರೂ ಗಿರಾಕಿಗಳ ಫೋನಿನಲ್ಲಿ ಇದ್ದೇ ಇತ್ತು. ವಾಟ್ಸ್‌ಆ್ಯಪ್ ಗುಂಪುಗಳು ನಂಬರಿನ ಜೊತೆ ಮರಳಿ ಬಂದಿದ್ದವು. ಅಲ್ಲಿ ಕಾಕಾನ ದನಿಯಲ್ಲೇ ಒಂದು ಸಂದೇಶ ಹಾಕಿದರು: ನಮ್ಮ ಫೋನ್ ಅಳಿಸಿ ಹೋಗೈತ್ರಿ, ಆರ್ಡರ್ ಕೊಟ್ಟವರು ಸೀರಿ ಫೋಟೋ, ರೊಕ್ಕ ಕಳಿಸಿದ್ದರ ಫೋಟೋ ಮತ್ತೊಮ್ಮೆ ಕಳಸ್ರಿ. ಅಂದು ರಾತ್ರಿಯಿಂದಲೇ ಬರತೊಡಗಿದವು. ಬಂದದ್ದನ್ನು ನಾನು ಮತ್ತು ಕಾಕಾನ ಮಗಳು ಬ್ಯಾಂಕಿನ ಸ್ಟೇಟ್‌ಮೆಂಟಿನ ಯುಪಿಐ ಜಮೆಗಳೊಂದಿಗೆ ತಾಳೆ ಹಾಕಿದೆವು. ಹೆಚ್ಚಿನವು ಹೊಂದಿದವು. ಕೈಯಲ್ಲಿ ನಗದು ಕೊಟ್ಟೆವೆಂದವರ ಮಾತನ್ನು ಕಾಕಾ ಪ್ರಶ್ನೆ ಮಾಡದೆ ಒಪ್ಪಿದರು. ಅದರಲ್ಲಿ ಒಂದೆರಡು ಸುಳ್ಳಿದ್ದಿರಬಹುದು. ಮದುವೆ ಮನೆಯವರನ್ನು ಲೆಕ್ಕ ಕೇಳಿ ಕಳೆದುಕೊಳ್ಳುವುದಕ್ಕಿಂತ ಅದು ಅಗ್ಗ ಎಂಬುದು ಅವರ ನಿಲುವು.

ಇತ್ತ ಪುಣೆಯ ಹುಡುಗನಿಗೆ ಐಡಿಯ ಪಾಸ್‌ವರ್ಡ್ ಮರೆತಿತ್ತು, ಅದಕ್ಕೆ ಕೊಟ್ಟಿದ್ದ ನಂಬರನ್ನು ಊರು ಬಿಟ್ಟ ಮೇಲೆ ಬಿಟ್ಟಿದ್ದ. ಅಂಥ ಸಂದರ್ಭದಲ್ಲಿ ಆಪಲ್ ಖಾತೆ ಮರಳಿ ಕೊಡಲು ದಿನಗಟ್ಟಲೆ ಕಾಯಿಸುತ್ತದೆ. ಅರ್ಜಿ ಹಾಕಿದವನು ನಿಜವಾದ ಒಡೆಯನೇ ಎಂದು ಖಾತ್ರಿ ಮಾಡಿಕೊಳ್ಳುವ ದಾರಿ ಅದು. ಹುಡುಗ ತಾಳ್ಮೆಯಿಂದ ಅದನ್ನೆಲ್ಲ ಮಾಡಿದ. ಕೊನೆಗೆ ಖಾತೆ ಸಿಕ್ಕಿತು, ಬೀಗ ಬಿಟ್ಟಿತು. ಬ್ಯಾಕಪ್ ಮಾತ್ರ ಹಿಂದಿನ ವರ್ಷದ ದಸರೆಗೇ ನಿಂತಿತ್ತು. ಐಕ್ಲೌಡ್ ಪುಕ್ಕಟೆ ಕೊಡುವುದು 5 ಜಿಬಿ, ಅದು ಸೀರೆಯ ಫೋಟೊಗಳಿಂದ ತುಂಬಿತ್ತು. ತುಂಬಿದೆ ಎಂಬ ಸೂಚನೆಯನ್ನು ಹುಡುಗ ಪ್ರತಿ ಸಲ ಸರಿಸಿ ಕೆಲಸ ಮುಂದುವರಿಸಿದ್ದ.

ಈ ಪ್ರಕರಣದಿಂದ ತಿಳಿಯುವುದು

ಸಂಗಮೇಶನ ಅಭಿಪ್ರಾಯ ತಪ್ಪೆಂದು ನಾನು ಹೇಳಲಾರೆ. ಆ ಐಫೋನ್ 11ಗಳು 2019ರ ಮಾದರಿ, 2025ರ ಐಓಎಸ್ 26 ಕೂಡ ಅವಕ್ಕೆ ಬಂತು. ಬಾಳಿಕೆಯ ಬಗ್ಗೆ ಅವನು ಆಡಿದ ಮಾತು ಅಕ್ಷರಶಃ ನಿಜವಾಯಿತು. ಬಣ್ಣದ ಮಾತೂ ನಿಜವಾಯಿತು. ಆದರೆ ಅವನ ಅಭಿಪ್ರಾಯ ಇದ್ದದ್ದು ಒಬ್ಬನೇ ಬಳಸುವ, ಬಿಲ್ ಇರುವ, ಒಡೆಯನ ಖಾತೆಯೇ ಇರುವ ಫೋನಿನ ಬಗ್ಗೆ. ಆಪಲ್ ತನ್ನ ಇಡೀ ಭದ್ರತೆಯನ್ನು ಕಟ್ಟಿರುವುದು ಒಂದು ಫೋನಿಗೆ ಒಬ್ಬ ಒಡೆಯ ಎಂಬ ನಂಬಿಕೆಯ ಮೇಲೆ. ನಮ್ಮ ಕಡೆಯ ಅಂಗಡಿಯಲ್ಲಿ ಫೋನ್ ಗಲ್ಲಾ ಪೆಟ್ಟಿಗೆ ಇದ್ದಂತೆ, ಕೂತವನು ತೆಗೆಯುತ್ತಾನೆ. ಈ ಎರಡು ಕೂಡಿದ ಕಡೆ ಬಿರುಕು ಬಿಟ್ಟಿತು. ಅಂಗಡಿಯ ಹೆಸರಿನ ಒಂದು ಇಮೇಲ್, ಯಜಮಾನರ ನಂಬರ್, ಪಾಸ್‌ವರ್ಡ್ ಬರೆದಿಟ್ಟ ಒಂದು ಲಕೋಟೆ ತಿಜೋರಿಯಲ್ಲಿ. ಇಷ್ಟಿದ್ದಿದ್ದರೆ ಇದೇ ಫೋನುಗಳಿಂದ ಯಾವ ಗೋಳೂ ಆಗುತ್ತಿರಲಿಲ್ಲ.

ಬೇರೆ ಕಂಪನಿಯ ಫೋನ್ ಕೊಂಡಿದ್ದರೆ ಬಚಾವಾಗುತ್ತಿದ್ದರು ಎಂದು ಊರಲ್ಲಿ ಕೆಲವರು ಹೇಳುತ್ತಾರೆ. ಅದನ್ನೂ ನಾನು ಒಪ್ಪುವುದಿಲ್ಲ. ಆಂಡ್ರಾಯ್ಡ್‌ನಲ್ಲೂ ಗೂಗಲ್ ಖಾತೆಯ ಬೀಗ ಇದೆ, ಬೇರೆಯವರ ಖಾತೆ ಹಾಕಿದ ಫೋನನ್ನು ಹಾಗೆ ಅಳಿಸಿದರೆ ಅಲ್ಲೂ ಹಿಂದಿನ ಖಾತೆ ಕೇಳುತ್ತದೆ. ಕಂಪನಿಗಳ ಮಧ್ಯೆ ಯಾವುದು ಮೇಲು ಎಂಬ ವಾದದಲ್ಲಿ ಈ ಮನೆಯ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ಆಪಲ್ ಮೇಲೆ ನನ್ನ ತಕರಾರು ಬೇರೆ. ಇಷ್ಟು ದುಬಾರಿ ಸಾಮಾನು ಮಾರುವ ಕಂಪನಿ ಪುಕ್ಕಟೆ ಜಾಗವನ್ನು 5 ಜಿಬಿಗೇ ನಿಲ್ಲಿಸಿರುವುದು, ಇಡೀ ಫೋನನ್ನು ಕನ್ನಡದಲ್ಲಿ ನೋಡುವ ಅವಕಾಶವನ್ನು 2025ರ ಐಓಎಸ್ 18.4ರವರೆಗೆ ಕೊಡದಿದ್ದುದು. ಜಾಗ ತುಂಬಿದೆ ಎಂಬ ಆ ಸೂಚನೆ ಕನ್ನಡದಲ್ಲಿ ಬಂದಿದ್ದರೆ, ಎಸ್ಸೆಸ್ಸೆಲ್ಸಿ ಓದಿದ್ದ ಆ ಹುಡುಗ ಅದನ್ನು ಓದದೆ ಸರಿಸುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ.

ಸಂಗಮೇಶ ಈಗಲೂ ಆಪಲ್ ಅಭಿಮಾನಿಯೇ. ಯಾರಾದರೂ ಸಲಹೆ ಕೇಳಿದರೆ ಮಾದರಿಯ ಹೆಸರು ಹೇಳುವ ಮೊದಲು ಅವರನ್ನೇ ಕೇಳುತ್ತಾನೆ: ಫೋನ್ ಎಷ್ಟು ಮಂದಿ ಹಿಡೀತಾರ, ಖಾತೆ ಯಾರ ಹೆಸರಿಗೆ, ಕೆಟ್ಟರ ಎಲ್ಲಿಗೆ ಒಯ್ತೀರಿ. ಅಂಗಡಿಯಲ್ಲಿ ಆರ್ಡರ್ ಈಗ ಎರಡು ಆಂಡ್ರಾಯ್ಡ್ ಫೋನ್‌ಗಳಲ್ಲಿ ನಡೆಯುತ್ತದೆ, ಅಡ್ವಾನ್ಸನ್ನು ಅದೇ ದಿನ ಟ್ಯಾಲಿಗೆ ಏರಿಸುತ್ತಾರೆ. ಫೋಟೊ ಮಾತ್ರ ಐಫೋನ್ 13ರಲ್ಲೇ. ಅದರ ಬ್ಯಾಟರಿ ಸೊರಗಿದೆ, ಮಧ್ಯಾಹ್ನಕ್ಕೇ ಚಾರ್ಜ್ ಕೇಳುತ್ತದೆ. ಊರಲ್ಲೇ ಹಾಕಿಸೋಣ ಎಂದು ಕಾಕಾ, ಹುಬ್ಬಳ್ಳಿಗೆ ಒಯ್ದು ಅಸಲಿಯೇ ಹಾಕಿಸೋಣ ಎಂದು ಸಂಗಮೇಶ. ಅಂಗಡಿ ರಜೆ ಇರುವ ದಿನ ನೋಡಿ ಹುಬ್ಬಳ್ಳಿಗೆ ಹೋಗುವುದೆಂದು ತೀರ್ಮಾನವಾಗಿದೆ.